ಸ್ಟೀರಿಂಗ್ ಬಿಟ್ಟು ಹಿಂದಿನ ಸೀಟಿಗೆ ಹೋದ ಮೇಲೆ

ಎಸ್‌ಯುವಿ ಹೇಗಿದೆ ಅಂತ ಹೇಳುವವರೆಲ್ಲ ಮೊದಲು ಹೋಗಿ ಸ್ಟೀರಿಂಗ್ ಹಿಂದೆ ಕೂರುತ್ತಾರೆ. ಪಿಕಪ್ ಹೇಗಿದೆ, ಗೇರ್ ಹೇಗೆ ಬದಲಾಗುತ್ತದೆ, ತಿರುವಿನಲ್ಲಿ ಎಷ್ಟು ವಾಲುತ್ತದೆ ಅಂತ ನೋಡುತ್ತಾರೆ. ಎಲ್ಲ ಸರಿ. ಆದರೆ ಏಳು ಜನ ಕೂರುವ ಗಾಡಿಯಲ್ಲಿ ಡ್ರೈವರ್ ಒಬ್ಬರೇ ಅಲ್ವಾ? ಉಳಿದ ಆರು ಜನರ ಪಾಡು ಏನು ಅಂತ ಕೇಳುವವರು ಕಡಿಮೆ. ಈ ಜಾತಿಯ ಗಾಡಿ ಕೊಳ್ಳುವುದೇ ಮನೆಮಂದಿಗಾಗಿ. ಹಾಗಾಗಿ ಅದನ್ನು ಹಿಂದಿನ ಸೀಟಿನಲ್ಲಿ ಕೂತೇ ಅಳೆಯಬೇಕು ಅನ್ನೋದು ನನ್ನ ವಾದ.

ಅಕ್ಕ ಭಾವ ಹೊರದೇಶಕ್ಕೆ ಹೋಗುವಾಗ ಅವರ ಗಾಡಿಯನ್ನು ನನ್ನ ಬಳಿ ಬಿಟ್ಟುಹೋದರು. 'ಸುಮ್ನೆ ನಿಲ್ಲಿಸಿದ್ರೆ ಬ್ಯಾಟರಿ ಡೌನ್ ಆಗುತ್ತೆ, ಆಗಾಗ ಓಡಿಸ್ತಾ ಇರು' ಅಂದಿದ್ದರು ಭಾವ. ನಾನು ಅದನ್ನು ಸ್ವಲ್ಪ ಧಾರಾಳವಾಗಿಯೇ ಪಾಲಿಸಿದೆ. ಪೇಟೆಯ ಟ್ರಾಫಿಕ್ಕು, ಹೆದ್ದಾರಿ, ಘಾಟಿ, ಮಳೆ, ಕೆಟ್ಟ ರಸ್ತೆ ಎಲ್ಲ ಆಯಿತು. ಒಂಟಿಯಾಗಿಯೂ ಓಡಿಸಿದೆ, ಏಳು ಸೀಟು ತುಂಬಿಸಿಕೊಂಡೂ ಓಡಿಸಿದೆ.

ಕಂಪನಿಯ ಹೆಸರು ಹೇಳಲ್ಲ. ಹೇಳಿದರೆ ಮಾತು ಕಂಪನಿಯ ಕಡೆಗೆ ಹೋಗುತ್ತದೆ, ಗಾಡಿಯ ಕಡೆಗೆ ಬರೋದೇ ಇಲ್ಲ. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಎಂಟು ಗೇರಿನ ಆಟೊಮ್ಯಾಟಿಕ್, ಬೇಕಾದಾಗ ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುವ ಆಲ್ ವೀಲ್ ಡ್ರೈವ್. ಉದ್ದ 4.7 ಮೀಟರ್, ಮೂರು ಸಾಲು ಸೀಟು, ತೂಕ ಸುಮಾರು 1,800 ಕಿಲೊ. ಕೆಳಗೆ ಪ್ರತ್ಯೇಕ ಚಾಸಿ ಇಲ್ಲ, ಕಾರಿನ ಹಾಗೆ ಬಾಡಿ, ಚೌಕಟ್ಟು ಎರಡೂ ಒಂದೇ ಆಗಿರುವ ಮೊನೊಕಾಕ್. ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ಈಗ ಹೆಚ್ಚಿನವು ಇದೇ ತರಹ ಇರುತ್ತವೆ.

ಮೊದಲು ಎಂಜಿನ್ ಮಾತು ಮುಗಿಸಿಬಿಡೋಣ. ಬ್ರೋಶರ್ ತೆರೆದರೆ '350 ನ್ಯೂಟನ್ ಮೀಟರ್ ಟಾರ್ಕ್, 1,600 ಆರ್‌ಪಿಎಂನಿಂದಲೇ' ಅಂತ ದಪ್ಪಕ್ಷರದಲ್ಲಿದೆ. ಟಾರ್ಕ್ ಅಂದರೆ ಎಂಜಿನ್ ತಿರುಗಿಸುವ ಬಲ, ಆರ್‌ಪಿಎಂ ಅಂದರೆ ಅದು ನಿಮಿಷಕ್ಕೆ ಸುತ್ತುವ ಸುತ್ತು. ಓದಿದರೆ ಕಾಲಿಟ್ಟ ತಕ್ಷಣ ಗಾಡಿ ಹಾರುತ್ತದೆ ಅನ್ನಿಸುತ್ತದೆ. ಆದರೆ ಗಾಡಿಯನ್ನು ಮುಂದೆ ದೂಡುವುದು ಟಾರ್ಕ್ ಒಂದೇ ಅಲ್ಲ, ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 1,600 ಆರ್‌ಪಿಎಂನಲ್ಲಿ ಅದು 59 ಕಿಲೋವ್ಯಾಟ್, ಅಂದರೆ 80 ಅಶ್ವಶಕ್ತಿ. ಅದೇ ಟಾರ್ಕ್ 4,000 ಆರ್‌ಪಿಎಂನಲ್ಲಿ ಹತ್ತಿರ ಹತ್ತಿರ 200 ಅಶ್ವಶಕ್ತಿ. 1,800 ಕಿಲೊ ಗಾಡಿಗೆ 80 ಅಶ್ವಶಕ್ತಿ ಅಂದರೆ ಪೇಟೆಯಲ್ಲಿ ಆರಾಮ, ಓವರ್‌ಟೇಕ್‌ಗೆ ಸಾಲದು.

ಹಾಗಾಗಿ ಇಂಥ ಗಾಡಿಯ ಓಟ ನಿಂತಿರುವುದು ಗೇರ್‌ಬಾಕ್ಸ್ ಮೇಲೆ. ಎಂಟನೇ ಗೇರಿನಲ್ಲಿ ಹಾಯಾಗಿ ಹೋಗುತ್ತಿರುವಾಗ ಪೆಡಲ್ ಒತ್ತಿದರೆ ಅದು ಮೂರು ಗೇರ್ ಕೆಳಗಿಳಿಯಬೇಕು, ಟರ್ಬೊ ಒತ್ತಡ ಏರಬೇಕು, ಆಮೇಲೆ ಗಾಡಿ ನುಗ್ಗಬೇಕು. ಈ ಗಾಡಿಯಲ್ಲಿ ಆ ನಡುವೆ ಒಂದು ಸಣ್ಣ ಮೌನ ಇದೆ. ಎಕೊ ಮೋಡ್‌ನಲ್ಲಿ ಆ ಮೌನ ಇನ್ನೂ ಉದ್ದ. ಓವರ್‌ಟೇಕ್ ಮಾಡುವ ಸ್ವಲ್ಪ ಮೊದಲೇ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದು ಗೇರ್ ಇಳಿಸಿಕೊಂಡರೆ ಮಾತ್ರ ಎಂಜಿನ್‌ನ ಅಸಲಿ ದಮ್ಮು ಗೊತ್ತಾಗುತ್ತದೆ. ಆಗ ಚೆನ್ನಾಗಿಯೇ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಎಂಜಿನ್ ಶಕ್ತಿಯನ್ನು ದ್ರವದ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ಟ್ರಾಫಿಕ್ಕಿನಲ್ಲಿ ತೆವಳುವಾಗ ಜರ್ಕ್ ಇಲ್ಲ. ಇಳಿಜಾರಿನಲ್ಲಿ ರಿವರ್ಸ್ ಮೇಲಕ್ಕೆ ಹತ್ತಿಸುವಾಗಲೂ ಕಾಲು ಹೇಳಿದ ಹಾಗೆ ಕೇಳುತ್ತದೆ. ಒಣ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳು ತಡಬಡಾಯಿಸುವುದು ಇಲ್ಲೇ.

ಒಂಟಿಯಾಗಿ ಟೆಸ್ಟ್ ಡ್ರೈವ್ ಮಾಡಿ 'ಸೂಪರ್' ಅಂದುಬಿಡುವವರು ತೂಕದ ಲೆಕ್ಕ ಮರೆಯುತ್ತಾರೆ. ಏಳು ಜನ, ಮೇಲೆ ಲಗೇಜು ಅಂದರೆ ಸುಲಭವಾಗಿ 500 ಕಿಲೊ. ಖಾಲಿ ಗಾಡಿಯ ಕಾಲು ಭಾಗಕ್ಕಿಂತ ಜಾಸ್ತಿ. 80ರಿಂದ 110ಕ್ಕೆ ಹೋಗಲು ಖಾಲಿಯಿದ್ದಾಗ ಆರು ಸೆಕೆಂಡ್ ಬೇಕಾದರೆ, ತುಂಬಿದಾಗ ಏಳೂವರೆ ದಾಟುತ್ತದೆ. ಆ ಒಂದೂವರೆ ಸೆಕೆಂಡಿನಲ್ಲಿ ಗಾಡಿ 40 ಮೀಟರ್ ಮುಂದೆ ಹೋಗಿರುತ್ತದೆ. ಎದುರಿನವನೂ ಅದೇ ವೇಗದಲ್ಲಿದ್ದರೆ ಅವನು ಇನ್ನೊಂದು 40 ಮೀಟರ್ ಹತ್ತಿರ ಬಂದಿರುತ್ತಾನೆ. ಈ ಕಾರಣಕ್ಕೆ ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಅಂತ ನಾನು ಹೇಳೋದು. ಶೋರೂಮಿನವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಲ್ ವೀಲ್ ಡ್ರೈವ್ ಬಗ್ಗೆ ಒಂದೇ ಮಾತು. ಇದು ಮಾಮೂಲಿಯಾಗಿ ಮುಂದಿನ ಚಕ್ರಗಳಿಂದಲೇ ಓಡುತ್ತದೆ. ಅವು ಜಾರಿದಾಗ ನಡುವಿನ ಕ್ಲಚ್ ಬಿಗಿಯಾಗಿ ಹಿಂದಿನ ಚಕ್ರಕ್ಕೂ ಶಕ್ತಿ ಹೋಗುತ್ತದೆ. ಕೆಸರಿನಿಂದ ಹೊರಬರಲು ಒಳ್ಳೆಯದು. ಬ್ರೇಕ್ ಹಾಕಿದಾಗ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಒದ್ದೆ ರಸ್ತೆಯಲ್ಲಿ ನಿಲ್ಲಿಸುವುದು ಟೈರ್.

ಈಗ ಹಿಂದಕ್ಕೆ ಹೋಗೋಣ.

ಅಮ್ಮನಿಗೆ ಮಂಡಿನೋವು. ನನ್ನ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಹತ್ತುವುದು ಅವರಿಗೆ ಸುಲಭ, ಏಳುವುದೇ ಕಷ್ಟ. ಕೈ ಹಿಡಿದು ಎಳೆಯಬೇಕು. ಇಲ್ಲಿ ಎರಡನೇ ಸಾಲಿನ ಸೀಟು ಅವರ ಸೊಂಟದ ಎತ್ತರಕ್ಕೇ ಬರುತ್ತದೆ. ಹಾಗಾಗಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ, ಬೆನ್ನು ತಿರುಗಿಸಿ ಸುಮ್ನೆ ಕೂತುಬಿಡುತ್ತಾರೆ. ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಎಸ್‌ಯುವಿಗಳ ಪರವಾಗಿ ನಾನು ಕಂಡ ಅತ್ಯಂತ ದೊಡ್ಡ ವಾದ ಇದೇ. ಗ್ರೌಂಡ್ ಕ್ಲಿಯರೆನ್ಸ್, ಗತ್ತು ಎಲ್ಲ ಆಮೇಲೆ.

ಆದರೆ ಭಾವ ಆಸೆಪಟ್ಟು ಹಾಕಿಸಿದ ಫುಟ್‌ಬೋರ್ಡ್ ಇದೆಯಲ್ಲ, ಅದು ಈ ಸುಖಕ್ಕೆ ಅಡ್ಡ. ಕಾಲಿಡಲು ಅಗಲ ಸಾಲದು. ನೆಲದ ಮೇಲೆ ನಿಂತು ಕೂರೋಣ ಅಂದರೆ ಮೀನಖಂಡಕ್ಕೆ ತಾಗಿ ಬಟ್ಟೆಗೆಲ್ಲ ಕೆಸರು. ಪ್ರತ್ಯೇಕ ಚಾಸಿ ಇರುವ ಎತ್ತರದ ಗಾಡಿಗಳಿಗೆ ಅದು ಬೇಕು, ಈ ಎತ್ತರಕ್ಕೆ ಬೇಡ. ಇನ್ನೊಂದು ನೋಡಿ: ಕೆಲವು ಗಾಡಿಗಳಲ್ಲಿ ಬಾಗಿಲಿನ ಕೆಳಗಂಚು ಪೂರ್ತಿ ಕೆಳಗಿನವರೆಗೆ ಬಂದು ಹೊಸ್ತಿಲನ್ನು ಮುಚ್ಚಿರುತ್ತದೆ. ಆಗ ಹೊಸ್ತಿಲಿಗೆ ಕೊಳೆ ಹತ್ತಲ್ಲ, ಇಳಿಯುವಾಗ ಬಟ್ಟೆಗೂ ಹತ್ತಲ್ಲ. ಬ್ರೋಶರ್‌ನಲ್ಲಿ ಇದನ್ನು ಯಾರೂ ಬರೆಯಲ್ಲ. ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಕೂತ ಮೇಲಿನ ಕಥೆ ಬೇರೆ. ನಾನು ಓಡಿಸುವಾಗ ಈ ಗಾಡಿಯ ಸಸ್ಪೆನ್ಶನ್ ನನಗೆ ಬಿಗಿಯಾಗಿ, ಚೊಕ್ಕವಾಗಿ ಕಂಡಿತ್ತು. ತಿರುವಿನಲ್ಲಿ ಜಾಸ್ತಿ ವಾಲಲ್ಲ, ಲೇನ್ ಬದಲಿಸಿದರೆ ತಕ್ಷಣ ನೆಟ್ಟಗಾಗುತ್ತದೆ. ಅಮ್ಮ ಮಾತ್ರ ಪ್ರತಿ ಸಲವೂ ಕಿಟಕಿಯ ಮೇಲಿನ ಹಿಡಿಯನ್ನು ಬಿಡುತ್ತಲೇ ಇರಲಿಲ್ಲ. 'ಕುಲುಕಾಟ ಏನಿಲ್ಲ, ತಲೆ ಮಾತ್ರ ಆಚೀಚೆ ಎಸೀತಾ ಇರುತ್ತೆ' ಅಂದರು. ಒಂದು ದಿನ ತಮ್ಮನಿಗೆ ಸ್ಟೀರಿಂಗ್ ಕೊಟ್ಟು ನಾನು ಅಮ್ಮನ ಜಾಗದಲ್ಲಿ ಕೂತೆ. ರಸ್ತೆಯ ಒಂದು ಅಂಚು ಮಾತ್ರ ಕುಸಿದಿರುವ ಕಡೆ, ಅಂದರೆ ಒಂದು ಬದಿಯ ಚಕ್ರ ಮಾತ್ರ ಗುಂಡಿಗೆ ಇಳಿಯುವ ಕಡೆ, ಗಾಡಿ ಪೂರ್ತಿಯಾಗಿ ಅತ್ತ ವಾಲಿ ಫಟ್ ಅಂತ ಇತ್ತ ಬಂತು. ನನ್ನ ಕಿವಿ ಕಿಟಕಿಯ ಗಾಜಿಗೆ ತಾಗಿತು. ಅಮ್ಮ ಹೇಳಿದ್ದು ಅಕ್ಷರಶಃ ಸರಿ.

ಕಾರಣ ಸರಳ. ಎತ್ತರದ ಗಾಡಿ ತಿರುವಿನಲ್ಲಿ ವಾಲಬಾರದು ಅಂತ ಎಡ ಬಲ ಚಕ್ರಗಳನ್ನು ಸೇರಿಸುವ ಆ್ಯಂಟಿ ರೋಲ್ ಬಾರ್ ದಪ್ಪಗೆ ಕೊಟ್ಟಿರುತ್ತಾರೆ. ತಿರುವಿನಲ್ಲಿ ಅದು ಗಾಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಆದರೆ ಒಂದೇ ಚಕ್ರಕ್ಕೆ ಗುಂಡಿ ಸಿಕ್ಕಾಗ ಆ ಪೆಟ್ಟನ್ನು ಇನ್ನೊಂದು ಬದಿಗೂ ಸಾಗಿಸುತ್ತದೆ. ಆಗ ಬಾಡಿ ಅಡ್ಡಡ್ಡ ತೂಗುತ್ತದೆ. ಕೂತವರ ತಲೆ ಎತ್ತರದಲ್ಲಿರುವುದರಿಂದ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಓಲಾಟ. ಡ್ರೈವರ್ ಸ್ಟೀರಿಂಗ್ ಹಿಡಿದಿರುತ್ತಾರೆ, ಮುಂದಿನ ಗುಂಡಿಯನ್ನು ಕಂಡಿರುತ್ತಾರೆ, ಮೈ ಮೊದಲೇ ಸಿದ್ಧವಾಗಿರುತ್ತದೆ. ಹಿಂದೆ ಕೂತವರಿಗೆ ಯಾವ ಸೂಚನೆಯೂ ಇಲ್ಲ. ಒಂದೇ ಗಾಡಿ, ಒಂದೇ ಗುಂಡಿ, ಆದರೆ ಅನುಭವ ಎರಡು.

ವಾಲಬಾರದು ಅನ್ನುವ ಹಟಕ್ಕೂ ಕಾರಣ ಇದೆ ಅನ್ನಿ. ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಗಾಡಿ ಎಷ್ಟು ಸುಲಭವಾಗಿ ಮಗುಚೀತು ಅಂತ ಅಳೆಯಲು ಇದನ್ನೇ ಬಳಸುತ್ತದೆ. ಕಾರುಗಳಿಗೆ ಸಾಮಾನ್ಯವಾಗಿ ಅದು 1.3ರಿಂದ 1.5, ಎಸ್‌ಯುವಿಗಳಿಗೆ 1ರಿಂದ 1.3. ಕಡಿಮೆಯಾದಷ್ಟೂ ಅಪಾಯ. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆ ದಿಢೀರ್ ಲೇನ್ ಬದಲಿಸುವ ಪರೀಕ್ಷೆ ಮಾಡಿದಾಗ ಮರ್ಸಿಡಿಸ್ ಎ ಕ್ಲಾಸ್ ಮಗುಚಿಬಿತ್ತು. ಅದು ಎಸ್‌ಯುವಿಯೂ ಅಲ್ಲ, ಸುಮ್ನೆ ಎತ್ತರದ ಸಣ್ಣ ಕಾರು. ಆಮೇಲೆ ಕಂಪನಿ ಅದಕ್ಕೆ ಇಎಸ್‌ಪಿ, ಅಂದರೆ ಗಾಡಿ ಹತೋಟಿ ತಪ್ಪುವಾಗ ತಾನೇ ಬ್ರೇಕ್ ಹಾಕಿ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್, ಕಡ್ಡಾಯವಾಗಿ ಕೊಟ್ಟಿತು. ಹಾಗಾಗಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಎಸ್‌ಯುವಿಯನ್ನು ನಾನಂತೂ ಮನೆಗೆ ತರಲ್ಲ. ರೂಫ್ ಕ್ಯಾರಿಯರ್ ಮೇಲೆ ಸಾಮಾನು ಹೇರುವವರೂ ಆ ಸಂಖ್ಯೆ ಇನ್ನೂ ಇಳಿಯುತ್ತದೆ ಅಂತ ನೆನಪಿಟ್ಟುಕೊಳ್ಳಲಿ.

ಆರಾಮಕ್ಕೆ ಇನ್ನೊಂದು ಶತ್ರು ಚಕ್ರ. ಈ ಗಾಡಿಗೆ 20 ಇಂಚಿನ ಅಲಾಯ್. ಟೈರ್ ಅಳತೆ 255/45. ಅಂದರೆ ಪಕ್ಕದ ರಬ್ಬರಿನ ಎತ್ತರ 255ರಲ್ಲಿ ಶೇಕಡಾ 45, ಸುಮಾರು 115 ಮಿಲಿಮೀಟರ್. ಇದೇ ಗಾಡಿಯ ಕೆಳಗಿನ ಮಾದರಿಗೆ 18 ಇಂಚಿನ ಚಕ್ರ, ಟೈರ್ 235/60. ಅಲ್ಲಿ ಪಕ್ಕದ ಎತ್ತರ 141 ಮಿಲಿಮೀಟರ್. ಹೊರಗಿನ ವ್ಯಾಸ ಎರಡರದ್ದೂ ಹೆಚ್ಚು ಕಡಿಮೆ ಒಂದೇ, 738 ಮಿಲಿಮೀಟರ್ ಆಸುಪಾಸು. ಅಂದರೆ ದೊಡ್ಡ ಚಕ್ರದಿಂದ ಗಾಡಿ ಒಂದು ಕೂದಲೆಳೆಯಷ್ಟೂ ಮೇಲೇರಲ್ಲ. ಎರಡೂವರೆ ಸೆಂಟಿಮೀಟರ್ ಗಾಳಿಯ ದಿಂಬು ತೆಗೆದು ಆ ಜಾಗಕ್ಕೆ ಲೋಹ ಇಟ್ಟ ಹಾಗಾಯಿತು. ರಸ್ತೆಯ ಸಣ್ಣ ಸಣ್ಣ ಬಿರುಕುಗಳ ಟಕ ಟಕ ಸೀಟಿನವರೆಗೂ ಬರುವುದು ಇದಕ್ಕೇ. ನಮ್ಮ ಮೈಗೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಅದುರು ಎಲ್ಲಕ್ಕಿಂತ ಹೆಚ್ಚು ಹಿಂಸೆ ಅಂತ ಐಎಸ್‌ಒ 2631 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಬಿಗಿ ಟೈರು, ಬಿಗಿ ಸ್ಪ್ರಿಂಗು ಸೇರಿದರೆ ಆ ಅದುರಿಗೆ ಬಾಗಿಲು ತೆರೆದ ಹಾಗೆಯೇ.

ಭಾವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, 18 ಇಂಚಿನದ್ದು ಹಾಕಿಸಿ ಅಂದೆ.

'ನೋಡೋಕೆ ಬೋಳು ಬೋಳಾಗಿ ಕಾಣುತ್ತೆ ಕಣೋ' ಅಂದರು.

'ಒಳಗೆ ಕೂತವರಿಗೆ ಚಕ್ರ ಕಾಣಲ್ಲ ಭಾವ.'

'ಪಾರ್ಕಿಂಗಲ್ಲಿ ನನಗೆ ಕಾಣುತ್ತಲ್ಲ!'

ಮಾತು ಅಲ್ಲಿಗೆ ನಿಂತಿತು.

ವಾಂತಿ ವಿಚಾರ ಬೇರೆ. ಅಕ್ಕನ ಮಗ ಹಿಂದೆ ಕೂತು ಮೊಬೈಲ್ ನೋಡಿದರೆ ಅರ್ಧ ಗಂಟೆಯಲ್ಲಿ ಮುಖ ಬಿಳುಚುತ್ತಿತ್ತು ಅಂತ ಅಕ್ಕ ಹೇಳಿದ್ದಳು. ಅದಕ್ಕೆ ಸಸ್ಪೆನ್ಶನ್ ಬೈದು ಪ್ರಯೋಜನ ಇಲ್ಲ. ಐದು ಸೆಕೆಂಡಿಗೊಮ್ಮೆ ಬರುವಂಥ ನಿಧಾನ ಓಲಾಟಕ್ಕೆ ಹೊಟ್ಟೆ ತೊಳಸುವುದು ಜಾಸ್ತಿ. ಅಂಥ ಓಲಾಟ ಹುಟ್ಟುವುದು ಬ್ರೇಕ್, ಆಕ್ಸಿಲರೇಟರ್, ತಿರುವುಗಳಿಂದ. ಅಂದರೆ ಓಡಿಸುವವರ ಕಾಲಿನಿಂದ. ಮೇಲೆದ್ದ ಕಿಟಕಿಯ ಅಂಚಿನಿಂದಾಗಿ ಮಕ್ಕಳಿಗೆ ಹೊರಗಿನ ರಸ್ತೆಯೂ ಕಾಣದಿದ್ದರೆ ಮುಗಿದೇ ಹೋಯಿತು. ಈ ಗಾಡಿಯ ಕಿಟಕಿ ಅಂಚು ಹಿಂದೆ ಹೋಗುತ್ತ ಏರುತ್ತದೆ. ಹೊರಗಿನಿಂದ ಬಾಣದ ಹಾಗೆ ಚೂಪಾಗಿ ಚೆನ್ನಾಗಿದೆ. ಮೂರನೇ ಸಾಲಿನಿಂದ ಆಕಾಶ ಮಾತ್ರ ಕಾಣುತ್ತದೆ.

ಮೂರನೇ ಸಾಲು ಅಂದೆನಲ್ಲ, ಅಲ್ಲಿ ಸೀಟು ತಗ್ಗು, ನೆಲ ಎತ್ತರ. ಕೆಳಗೆ ಹಿಂದಿನ ಸಸ್ಪೆನ್ಶನ್ ಇದೆ, ಏನು ಮಾಡೋಕಾಗುತ್ತೆ? ಮಂಡಿ ಗಲ್ಲಕ್ಕೆ ಬರುತ್ತದೆ, ತೊಡೆಗೆ ಆಸರೆಯೇ ಇಲ್ಲ. ಅಲ್ಲಿ ಕೂರುವವರು ಚಕ್ರದ ಪಕ್ಕದಲ್ಲೇ ಕೂತಿರುತ್ತಾರೆ. ಎಸ್‌ಯುವಿಯ ಡಿಕ್ಕಿ ಸೆಡಾನ್‌ನ ಹಾಗೆ ಬೇರೆ ಪೆಟ್ಟಿಗೆಯಲ್ಲ, ಕ್ಯಾಬಿನ್‌ನದೇ ಭಾಗ. ಹಾಗಾಗಿ ಟೈರಿನ ಗೊರಗೊರ ಸದ್ದು ನೇರವಾಗಿ ಕಿವಿಗೆ. ಮುಂದೆ ಕೂತವರು ಮಾತಾಡಿದ್ದು ಹಿಂದಿನವರಿಗೆ ಕೇಳಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಒಂದು ಗಂಟೆಯ ದಾರಿಗೆ ಸರಿ. ದೊಡ್ಡವರನ್ನು ಅಲ್ಲಿ ಕೂರಿಸುವ ಮೊದಲು ಸಂಬಂಧ ಉಳಿಸಿಕೊಳ್ಳಬೇಕಾ ಅಂತ ಯೋಚಿಸಿ.

ಹಿಂದಿನ ಸೀಟಿನ ಸುರಕ್ಷತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2022ರಲ್ಲಿ ತನ್ನ ಹಳೆಯ ಅಪಘಾತ ಪರೀಕ್ಷೆಯನ್ನು ಬದಲಿಸಿ, ಡ್ರೈವರ್ ಹಿಂದೆಯೂ ಒಂದು ಗೊಂಬೆ ಕೂರಿಸಿತು. ಸಣ್ಣ ಮೈಕಟ್ಟಿನ ಹೆಂಗಸು ಅಥವಾ 12 ವರ್ಷದ ಮಗುವಿನ ಗಾತ್ರದ್ದು. ಹಳೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಎಷ್ಟೋ ಗಾಡಿಗಳು ಇದರಲ್ಲಿ ಮುಗ್ಗರಿಸಿದವು. ಮುಂದಿನ ಸೀಟಿನ ಬೆಲ್ಟುಗಳಿಗೆ ಅಪಘಾತದ ಕ್ಷಣದಲ್ಲಿ ಬಿಗಿಯುವ ಪ್ರಿಟೆನ್ಶನರ್, ಆಮೇಲೆ ಎದೆಗೆ ಒತ್ತದಂತೆ ತುಸು ಸಡಿಲಿಸುವ ಲೋಡ್ ಲಿಮಿಟರ್ ಎರಡೂ ಬಂದು ಎಷ್ಟೋ ವರ್ಷ ಆಯಿತು. ಹಿಂದಿನ ಸೀಟಿಗೆ ಅವು ಎಲ್ಲ ಗಾಡಿಗಳಲ್ಲೂ ಬಂದಿರಲಿಲ್ಲ. ಸನ್‌ರೂಫ್ ಎಷ್ಟು ದೊಡ್ಡದು ಅಂತ ಕೇಳುವ ಮೊದಲು ಹಿಂದಿನ ಬೆಲ್ಟಿಗೆ ಪ್ರಿಟೆನ್ಶನರ್ ಇದೆಯಾ ಅಂತ ಕೇಳಿ. ಅಂದ ಹಾಗೆ ಆ ಸನ್‌ರೂಫ್ ಚೌಕಟ್ಟು ಎರಡನೇ ಸಾಲಿನವರ ತಲೆ ಮೇಲಿನ ಜಾಗವನ್ನೂ ತಿನ್ನುತ್ತದೆ. ನನ್ನ ತಮ್ಮ ಉದ್ದ, ಅವನ ಕೂದಲು ತಾಗುತ್ತದೆ.

ವಿನ್ಯಾಸದಲ್ಲಿ ನನಗೆ ಈ ಗಾಡಿ ಇಷ್ಟವಾಗಿದ್ದು ಪಕ್ಕದಿಂದ. ಚಕ್ರದ ಕಮಾನಿನ ಸುತ್ತ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದು ಕಲ್ಲಿನೇಟು ತಡೆಯುವುದಕ್ಕಷ್ಟೇ ಅಲ್ಲ. ಬಣ್ಣದ ಬಾಡಿ ತೆಳ್ಳಗೆ ಕಾಣುತ್ತದೆ, ಚಕ್ರ ದೊಡ್ಡದಾಗಿ ಕಾಣುತ್ತದೆ. ಜಾಣತನದ ಕೆಲಸ. ಮುಂಭಾಗ ಮಾತ್ರ ಜಗಳಕ್ಕೆ ಬಂದವರ ಮುಖ. ಬಾನೆಟ್ ಎತ್ತರ, ಚಪ್ಪಟೆ, ಮೂತಿ ಗೋಡೆಯಷ್ಟು ನೇರ. ಗತ್ತು ಬೇಕೆಂದು ಹೀಗೆ ಮಾಡುತ್ತಾರೆ, ಆದರೆ ಅದರ ಭಾರ ರಸ್ತೆ ದಾಟುವವರ ಮೇಲೆ ಬೀಳುತ್ತದೆ. 2023ರಲ್ಲಿ ಐಐಎಚ್‌ಎಸ್ ಪ್ರಕಟಿಸಿದ ಅಧ್ಯಯನದಲ್ಲಿ, ಬಾನೆಟ್ ಎತ್ತರ 40 ಇಂಚು ದಾಟಿದ ಗಾಡಿಗಳು ಪಾದಚಾರಿಗೆ ಗುದ್ದಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚಿಗಿಂತ ತಗ್ಗಿದ್ದು ಇಳಿಜಾರು ಮೂತಿ ಇರುವ ಗಾಡಿಗಳಿಗಿಂತ ಸುಮಾರು ಶೇಕಡಾ 45 ಹೆಚ್ಚು ಅಂತ ಕಂಡುಬಂತು. ನಾನು ಮನೆ ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಡ್ರೈವರ್ ಸೀಟಿನಿಂದ ನೋಡಿದೆ. ಬಂಪರಿನ ಹತ್ತಿರ ಇದ್ದಾಗ ಅದು ಕಾಣಲೇ ಇಲ್ಲ. ತಮ್ಮ ಅದನ್ನು ದೂರ ಸರಿಸುತ್ತ ಹೋದ. ಕೊನೆಗೆ ಅದು ಕಂಡಾಗ ಗಾಡಿಗೂ ಅದಕ್ಕೂ ನಡುವೆ ಒಂದು ಬೈಕ್ ನಿಲ್ಲಿಸುವಷ್ಟು ಜಾಗ ಇತ್ತು. ಕ್ಯಾಮೆರಾ ಇದೆ, ನಿಜ. ಅದರ ಮೇಲೆ ಕೆಸರು ಹಾರಿದ ದಿನ ಅದೂ ಇದ್ದೂ ಇಲ್ಲದ ಹಾಗೆ.

ಒಳಗಿನ ದೊಡ್ಡ ಸ್ಕ್ರೀನ್ ಬಗ್ಗೆ ಜಾಸ್ತಿ ಬರೆಯಲ್ಲ. ಎಸಿ ಕಡಿಮೆ ಮಾಡಲು ಎರಡು ಮೆನು ದಾಟಬೇಕು, ಅಷ್ಟು ಸಾಕು. ಸ್ವೀಡನ್ನಿನ ವಿ ಬಿಲ್ಯೇಗರೆ ಪತ್ರಿಕೆ 2022ರಲ್ಲಿ ಇಂಥ ಕೆಲಸಗಳಿಗೆ ಎಷ್ಟು ಹೊತ್ತು ಬೇಕು ಅಂತ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಅಳೆದಿತ್ತು. ಬಟನ್‌ಗಳೇ ಇರುವ 2005ರ ವೋಲ್ವೊ ವಿ70ನಲ್ಲಿ ಎಲ್ಲ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಹೊಸ ಸ್ಕ್ರೀನ್ ಗಾಡಿಗಳು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡವು. ಆ ಹತ್ತು ಸೆಕೆಂಡಿನಲ್ಲೇ ಗಾಡಿ 306 ಮೀಟರ್ ಹೋಗಿರುತ್ತದೆ ಅನ್ನೋದು ನೆನಪಿರಲಿ.

ಡಿಕ್ಕಿ ಲೀಟರ್ ಲೆಕ್ಕ ನಂಬಬೇಡಿ. 200, 100, 50 ಮಿಲಿಮೀಟರ್ ಅಳತೆಯ, ತಲಾ ಒಂದು ಲೀಟರಿನ ಸಣ್ಣ ಪೆಟ್ಟಿಗೆಗಳನ್ನು ಮೂಲೆ ಮೂಲೆಗೂ ತುರುಕಿ ಅಳೆಯುವ ಪದ್ಧತಿ ಇದೆ. ನಮ್ಮ ಸೂಟ್‌ಕೇಸು ಆ ಮೂಲೆಗಳಿಗೆ ಹೋಗಲ್ಲ. ಮೂರನೇ ಸಾಲು ಎತ್ತಿದರೆ ಇಲ್ಲಿ ಎರಡು ಬ್ಯಾಗ್ ಅಡ್ಡ ನಿಲ್ಲಿಸಬಹುದು, ಅಷ್ಟೇ. ಮಡಚಿದರೆ ಸಾಗರದಷ್ಟು ಜಾಗ. ಏಳು ಜನ ಹೋದರೆ ಲಗೇಜಿಗೆ ಜಾಗ ಇಲ್ಲ, ಲಗೇಜಿಗೆ ಜಾಗ ಮಾಡಿದರೆ ಐದೇ ಜನ. ಈ ಗಾತ್ರದ ಮೂರು ಸಾಲಿನ ಗಾಡಿಗಳ ಹಣೆಬರಹವೇ ಇದು.

ನಾನೇ ಕೊಳ್ಳುವುದಾದರೆ? ಇದೇ ಎಂಜಿನ್, ಇದೇ ಗೇರ್‌ಬಾಕ್ಸ್, ಐದು ಸೀಟು, 18 ಇಂಚಿನ ಚಕ್ರ, ಫುಟ್‌ಬೋರ್ಡ್ ಬೇಡ, ಸನ್‌ರೂಫ್ ಬೇಡ. ಅಂದರೆ ನಡುವಿನ ಮಾದರಿ. ಸಮಸ್ಯೆ ಏನೆಂದರೆ ಈ ಗಾಡಿಯಲ್ಲಿ ಆಲ್ ವೀಲ್ ಡ್ರೈವ್ ಬೇಕಾದರೆ ಮೇಲಿನ ಮಾದರಿಯನ್ನೇ ತೆಗೆದುಕೊಳ್ಳಬೇಕು, ಅದಕ್ಕೆ 20 ಇಂಚು ಅಂಟಿಕೊಂಡೇ ಬರುತ್ತದೆ. ನಮ್ಮ ಮನೆಯ ಓಡಾಟಕ್ಕೆ ಮುಂದಿನ ಎರಡು ಚಕ್ರವೇ ಸಾಕು. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಬಹುದು.